ಗರ್ಭಚೀಲದ ಗಡ್ಡೆ ಮತ್ತು ಬಾಯಿಮಾತಿನ ಚರಿತ್ರೆ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಪರಿಸರದ ಚರಿತ್ರೆಯೆಂದರೆ ಶಾಸನ, ಕೋಟೆ, ದೇವಾಲಯಗಳ ಚರಿತ್ರೆ ಎಂಬ ಗ್ರಹಿಕೆ ಬಲವಾಗಿದೆ. ಇದೇ ನೆಲದಲ್ಲಿ ಗದ್ದೆ, ಗಣಿಗಳಲ್ಲಿ ದುಡಿದ ಹೆಣ್ಣುಮಕ್ಕಳ ದೇಹದ ಚರಿತ್ರೆ ಬಹುಮಟ್ಟಿಗೆ ಬಾಯಿಮಾತಿನಲ್ಲಿಯೇ ಉಳಿದಿದೆ. ಗರ್ಭಚೀಲದ ಗಡ್ಡೆಯ ವಿಚಾರ ಅದರಲ್ಲೊಂದು.

ಹೆಣ್ಣಿನ ಹೊಟ್ಟೆಯ ಗಡ್ಡೆಯನ್ನು ಕುರಿತ ತಿಳಿವಳಿಕೆ ಪ್ರಾಚೀನವಾದುದು. ಚರಕಸಂಹಿತೆಯು ಸ್ತ್ರೀಯರಿಗಷ್ಟೇ ಬರುವ ‘ರಕ್ತಗುಲ್ಮ’ವನ್ನು ವಿವರಿಸುತ್ತದೆ. ಅದನ್ನು ಬಸಿರೆಂದು ಭ್ರಮಿಸುವ ಸಂಭವವಿರುವುದರಿಂದ ಹತ್ತನೆಯ ತಿಂಗಳು ಕಳೆದ ಮೇಲೆಯೇ ಚಿಕಿತ್ಸೆ ಮಾಡಬೇಕೆಂಬುದು ಅಲ್ಲಿನ ವಿಧಿ. ರಕ್ತಗುಲ್ಮವೂ ಇಂದಿನ ವೈದ್ಯರು ಹೇಳುವ ಫೈಬ್ರಾಯ್ಡೂ ಒಂದೇ ಎನ್ನಲಾಗದು. ಆದರೆ ಗಡ್ಡೆಯನ್ನು ಕಾಲದ ಲೆಕ್ಕದಿಂದ ಗುರುತಿಸುವ ಕ್ರಮ ಗಮನಾರ್ಹ.

ಫೈಬ್ರಾಯ್ಡ್ ಗರ್ಭಕೋಶದ ನಯಸ್ನಾಯುವಿನ ಗಡ್ಡೆ, ಕ್ಯಾನ್ಸರ್ ಅಲ್ಲ. ಆದರೂ ವಿರಳವಾಗಿ ಅದು ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳುತ್ತದೆ. 1939ರಲ್ಲಿ ಅಮೆರಿಕದ ರೋಗವಿಜ್ಞಾನಿ ಪಾಲ್ ಸ್ಟೈನರ್ ಇಂಥ ಪ್ರಕರಣವನ್ನು ವಿವರಿಸಿದನು. ‘ಬೆನೈನ್ ಮೆಟಾಸ್ಟಸೈಸಿಂಗ್ ಲಿಯೋಮಯೋಮ’ ಎಂಬುದು ಇದರ ಇಂದಿನ ಹೆಸರು. ಗಡ್ಡೆಯ ಕಣಗಳು ರಕ್ತನಾಳಗಳ ಮೂಲಕ ಸಾಗುತ್ತವೆಂಬುದು ಪ್ರಚಲಿತ ವಿವರಣೆಗಳಲ್ಲೊಂದು. ಗಡ್ಡೆಯನ್ನೋ ಗರ್ಭಕೋಶವನ್ನೋ ತೆಗೆಸಿಕೊಂಡು ಹಲವು ವರ್ಷ ಸಂದ ಮೇಲೆ, ಬೇರಾವುದೋ ಕಾರಣಕ್ಕೆ ತೆಗೆದ ಎಕ್ಸ್‌ರೇಯಲ್ಲಿ ಇದು ಗಂಟುಗಂಟಾಗಿ ಕಾಣುವುದುಂಟು. ಕೆಲವರಲ್ಲಿ ಮಾತ್ರ ಕೆಮ್ಮು, ಏದುಸಿರು ಇರುತ್ತದೆ. ಸ್ತ್ರೀ ಹಾರ್ಮೋನುಗಳಿಗೆ ಸ್ಪಂದಿಸುವ ಈ ಗಂಟುಗಳು ಮುಟ್ಟು ನಿಂತ ಮೇಲೆ ಅಥವಾ ಹಾರ್ಮೋನ್ ಚಿಕಿತ್ಸೆಯಿಂದ ಕುಗ್ಗಬಹುದು.

ಈ ರೋಗದ ನಿರ್ಣಯದಲ್ಲಿ ಹಿಂದಿನ ಶಸ್ತ್ರಚಿಕಿತ್ಸೆಯ ವಿವರ ಬಹುಮುಖ್ಯವಾದ ಸುಳಿವು. ಭಾಷೆಯ ತೊಡಕು ಎದುರಾಗುವುದು ಇಲ್ಲಿಯೇ. ಗ್ರಾಮೀಣರ ಆಡುಮಾತಿನಲ್ಲಿ ‘ಆಪರೇಷನ್’ ಎಂದರೆ ಸಾಮಾನ್ಯವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ; ಗರ್ಭಕೋಶ ತೆಗೆಸಿದ್ದಕ್ಕೆ ‘ಗರ್ಭಚೀಲ ತೆಗೆಸಿದೆ’ ಎಂಬ ಬೇರೆ ಮಾತಿದೆ. ‘ಆಪರೇಷನ್ ಆಗಿದೆಯೇ?’ ಎಂಬ ಪ್ರಶ್ನೆಗೆ ‘ಆಗಿದೆ’ ಎಂಬ ಉತ್ತರ ಬಂದರೂ ಯಾವುದೆಂಬುದು ತಿಳಿಯದೆ ಹೋಗಬಹುದು. ಸಂಡೂರಿನಂಥ ಅದಿರಿನ ಸೀಮೆಯಲ್ಲಿ ಎದೆಯ ನೆರಳೆಂದೊಡನೆ ಕ್ಷಯವೋ ಗಣಿಧೂಳಿನ ಬಾಧೆಯೋ ಕ್ಯಾನ್ಸರೋ ನೆನಪಾಗುವುದು ಸಹಜ. ಅವುಗಳ ತಪಾಸಣೆ ಅಗತ್ಯವೇ; ಆದರೆ ಹಳೆಯ ಗಡ್ಡೆಯ ನೆನಪೂ ಆ ತಪಾಸಣೆಯ ಭಾಗವಾಗಬೇಕು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 3ರಷ್ಟು ಮಂದಿ ಗರ್ಭಕೋಶ ತೆಗೆಸಿಕೊಂಡವರು. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರಿಗೆ ಅನಗತ್ಯವಾಗಿ ಈ ಶಸ್ತ್ರಚಿಕಿತ್ಸೆ ನಡೆಸಲಾಯಿತೆಂಬ ಆರೋಪ 2015ರ ವೇಳೆಗೆ ಸಾರ್ವಜನಿಕ ಚರ್ಚೆಗೆ ಬಂದಿತು. ಏಕೆ ತೆಗೆದರೆಂಬುದೇ ತಿಳಿಯದ ಹೆಣ್ಣು ತನ್ನ ರೋಗದ ಚರಿತ್ರೆಯ ಒಂದು ಪುಟವನ್ನೇ ಕಳೆದುಕೊಂಡಿರುತ್ತಾಳೆ.

ಕ್ಷೇತ್ರಕಾರ್ಯದಲ್ಲಿ ವಕ್ತೃವಿನ ಮಾತನ್ನು ಆಕೆಯ ಪದಗಳಲ್ಲಿಯೇ ಕೇಳಿ ಬರೆದುಕೊಳ್ಳುವುದು ಜಾನಪದದ ಮೊದಲ ಪಾಠ. ‘ಚೀಲ ತೆಗೆಸಿದ್ದು ಯಾವ ವರ್ಷ? ಗಡ್ಡೆ ಇತ್ತೆಂದು ಹೇಳಿದ್ದರೇ? ಚೀಟಿ ಉಳಿದಿದೆಯೇ?’ ಎಂಬ ಮೂರು ಪ್ರಶ್ನೆಗಳು ಆಸ್ಪತ್ರೆಯಲ್ಲಿಯೂ ಅಷ್ಟೇ ಬೆಲೆಯುಳ್ಳವು. ಮೌಖಿಕ ಚರಿತ್ರೆ ಗತವನ್ನು ಕಾಪಾಡುತ್ತದೆಂಬುದು ವಿದ್ವಾಂಸರು ಒಪ್ಪಿದ ಮಾತು; ಇಲ್ಲಿ ಅದು ಜೀವಂತ ದೇಹವನ್ನು ಕಾಪಾಡಲೂ ನೆರವಾಗಬಲ್ಲದು.