ಗಡಿ ದಾಟುವ ಪ್ರದಕ್ಷಿಣೆ

ಉತ್ತರ ಇಟಲಿಯ ಡಾಲೊಮೈಟ್ ಪರ್ವತಗಳಲ್ಲಿ ಔರೋಂಜೊ ತಂಗುಮನೆಯ ಬಾಗಿಲವರೆಗೂ ಕಾರು ಹೋಗುತ್ತದೆ. ಸಮುದ್ರಮಟ್ಟದಿಂದ ಅದರ ಎತ್ತರ 2,320 ಮೀಟರ್. ಅಲ್ಲಿ ಇಳಿದು ಸುಮಾರು 10 ಕಿಲೋಮೀಟರ್ ನಡೆದರೆ ತ್ರೆ ಚಿಮೆ ದಿ ಲವರೇದೊ ಎಂಬ ಮೂರು ಶಿಖರಗಳಿಗೆ ಒಂದು ಸುತ್ತು ಬಂದು ಮತ್ತೆ ಕಾರಿನ ಹತ್ತಿರವೇ ತಲುಪಬಹುದು. ನಿಧಾನಕ್ಕೆ ಹೋದರೂ ನಾಲ್ಕು ತಾಸು. ಬೇಸಿಗೆಯಲ್ಲಿ ಅಜ್ಜಿಯಂದಿರು, ನಾಯಿಗಳು, ಅಪ್ಪನ ಬೆನ್ನಿಗೆ ಕಟ್ಟಿಸಿಕೊಂಡ ಹಸುಗೂಸುಗಳು ಎಲ್ಲ ಸೇರಿ ದಾರಿ ಜಾತ್ರೆಯಾಗುತ್ತದೆ. ಈ ಜಾತ್ರೆಯ ಜನ ಒಂದೇ ಸುತ್ತಿನಲ್ಲಿ ಹಳೆಯ ಗಡಿಯೊಂದನ್ನು ಎರಡು ಸಲ ದಾಟುತ್ತಾರೆ: ಮೊದಲು ಪೂರ್ವಕ್ಕೆ ಲವರೇದೊ ಕಂಡಿಯಲ್ಲಿ, ಆಮೇಲೆ ಪಶ್ಚಿಮಕ್ಕೆ ಕೋಲ್ ದಿ ಮೆತ್ಸೊ ಬಳಿ. 1915ರಲ್ಲಿ ಇದೇ ಸುತ್ತಿಗೆ ಹೊರಟವನು ಎರಡು ಸೈನ್ಯಗಳ ಗುಂಡಿಗೆ ಎದೆಯೊಡ್ಡಬೇಕಿತ್ತು.

ಮೂರರಲ್ಲಿ ನಡುವಿನ ಚಿಮಾ ಗ್ರಾಂಡೆ 2,999 ಮೀಟರ್. ಬಾಟಾ ಅಂಗಡಿಯ ಬೆಲೆಪಟ್ಟಿಯ ಹಾಗೆ ಒಂದೇ ಒಂದು ಕಡಿಮೆ. ಪಕ್ಕದ ಚಿಮಾ ಓವೆಸ್ಟ್ 2,973, ಚಿಮಾ ಪಿಕ್ಕೊಲಾ 2,857. ಇಪ್ಪತ್ತು ಕೋಟಿ ವರ್ಷಕ್ಕೂ ಹಿಂದೆ ಆಳವಿಲ್ಲದ ಬೆಚ್ಚನೆಯ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಕೆಸರು ಇಲ್ಲಿ ಕಲ್ಲಾಗಿ ನಿಂತಿದೆ. ನೋಡಲು ಸುಣ್ಣಕಲ್ಲಿನಂತೆಯೇ ಇದ್ದರೂ ಆಮ್ಲ ಹಾಕಿದರೆ ಅದರಂತೆ ಬುರಬುರನೆ ನೊರೆ ಬರುವುದಿಲ್ಲವಲ್ಲ ಎಂದು 1791ರಲ್ಲಿ ಬರೆದವನು ಫ್ರಾನ್ಸಿನ ದಿಯೋದಾ ದ ದೊಲೊಮ್ಯೂ. ಮೊದಲು ಕಲ್ಲಿಗೆ, ಆಮೇಲೆ ಇಡೀ ಪರ್ವತಸಾಲಿಗೆ ಅವನ ಹೆಸರೇ ಅಂಟಿಕೊಂಡಿತು.

ಗಡಿ ಹುಟ್ಟಿದ್ದು ಶಿಖರಕ್ಕಾಗಿ ಅಲ್ಲ, ಹುಲ್ಲಿಗಾಗಿ. ದಕ್ಷಿಣದ ಔರೋಂಜೊ ಜನ ವೆನಿಸ್ ಗಣರಾಜ್ಯದ ಪ್ರಜೆಗಳು. ಉತ್ತರದ ಟೊಬ್ಲಾಖ್ ಜನ ಹ್ಯಾಬ್ಸ್‌ಬರ್ಗ್ ದೊರೆಗಳವರು. ದನ ಮೇಯಿಸುವ ಜಾಗ, ಮರ ಕಡಿಯುವ ಕಾಡು ಯಾರದೆಂಬ ಜಗಳ ತಲೆಮಾರುಗಟ್ಟಲೆ ನಡೆದು, ಕೊನೆಗೆ 1752ರ ಸುಮಾರಿಗೆ ರೊವೆರೆತೊ ಊರಿನಲ್ಲಿ ಎರಡೂ ಕಡೆಯವರು ಕೂತು ಗಡಿ ಗುರುತಿಸಿದರು, ಕಲ್ಲು ನೆಟ್ಟರು. 1866ರಲ್ಲಿ ವೆನಿಸ್ ಸೀಮೆ ಇಟಲಿಗೆ ಸೇರಿತು. ದನಗಾಹಿಗಳ ಗಡಿ ರಾತ್ರಿ ಬೆಳಗಾಗುವುದರಲ್ಲಿ ಇಟಲಿ–ಆಸ್ಟ್ರಿಯಾ ದೇಶಗಳ ಗಡಿಯಾಯಿತು.

ಅದಾಗಿ ಮೂರೇ ವರ್ಷಕ್ಕೆ, 1869ರ ಆಗಸ್ಟ್ 21ರಂದು, ವಿಯೆನ್ನಾದ ಪೌಲ್ ಗ್ರೋಹ್‌ಮನ್ ಚಿಮಾ ಗ್ರಾಂಡೆಯ ನೆತ್ತಿ ಮುಟ್ಟಿದ. ಅದೇ ಬೇಸಿಗೆಯಲ್ಲಿ ಅವನು ಆಗಲೇ ಇನ್ನೆರಡು ದೊಡ್ಡ ಶಿಖರಗಳನ್ನು ಮೊದಲಿಗನಾಗಿ ಹತ್ತಿ ಮುಗಿಸಿದ್ದ. ಚಿಮಾ ಗ್ರಾಂಡೆಯನ್ನು ಹತ್ತಿದ್ದು ಒಡಕಲು ಬಂಡೆಗಳ ದಕ್ಷಿಣ ಮೈಯಿಂದ. ಗೋಡೆಯಂತಿರುವ ಉತ್ತರದ ಮೈ ಆಗ ಯಾರ ಕನಸಿನಲ್ಲೂ ಇರಲಿಲ್ಲ. ಜೊತೆಗಿದ್ದ ಮಾರ್ಗದರ್ಶಿಗಳು ಪೀಟರ್ ಸಾಲ್ಖರ್ ಮತ್ತು ಫ್ರಾಂಜ್ ಇನ್ನರ್‌ಕೋಫ್ಲರ್. ಸೆಕ್ಸ್ಟೆನ್ ಕಣಿವೆಯ ಈ ಇನ್ನರ್‌ಕೋಫ್ಲರ್ ಮನೆತನವನ್ನು ಬಿಟ್ಟು ಇಲ್ಲಿನ ಕತೆ ಹೇಳಲಾಗದು. 1879ರಲ್ಲಿ ಚಿಮಾ ಓವೆಸ್ಟ್ ಹತ್ತಿದ್ದು ಮಿಖೆಲ್ ಇನ್ನರ್‌ಕೋಫ್ಲರ್. 1881ರಲ್ಲಿ ಚಿಮಾ ಪಿಕ್ಕೊಲಾ ಹತ್ತಿದ್ದು ಅದೇ ಮಿಖೆಲ್ ಮತ್ತು ಹಾನ್ಸ್ ಇನ್ನರ್‌ಕೋಫ್ಲರ್. ಹಿಂದೆಯೇ ಪಟ್ಟಣದ ಜನ ಬಂದರು, 1883ರಲ್ಲಿ ಉತ್ತರದ ದಿಬ್ಬದ ಮೇಲೆ ಊಟ, ಹಾಸಿಗೆ ಸಿಗುವ ತಂಗುಮನೆ ಎದ್ದಿತು. ಇಂದು ಪೋಸ್ಟ್‌ಕಾರ್ಡುಗಳಲ್ಲಿ ಕಾಣುವ ಮೂರು ಶಿಖರಗಳ ನೋಟ ಸಿಗುವುದು ಅದರ ಅಂಗಳದಿಂದಲೇ. 1898ರಿಂದ ಅದನ್ನು ನಡೆಸಿದವನು ಸೆಪ್ ಇನ್ನರ್‌ಕೋಫ್ಲರ್.

1915ರ ಮೇ 23ರಂದು ಇಟಲಿ ಯುದ್ಧ ಸಾರಿತು. ಎರಡು ದಿನ ಕಳೆಯುವುದರೊಳಗೆ ಇಟಲಿಯ ಫಿರಂಗಿಗಳು ಸೆಪ್‌ನ ತಂಗುಮನೆಯನ್ನು ಸುಟ್ಟು ಕೆಡವಿದವು.

ಆಸ್ಟ್ರಿಯಾದ ಪಳಗಿದ ಸೈನಿಕರೆಲ್ಲ ಆಗ ರಷ್ಯದ ಎದುರು ಗಲೀಷಿಯಾದಲ್ಲಿದ್ದರು. ಗಡಿ ಕಾಯಲು ಉಳಿದವರು ಊರಿನ ಮುದುಕರು, ಮೀಸೆ ಮೂಡದ ಹುಡುಗರು. 49 ವರ್ಷದ ಸೆಪ್ ಕೆಲವು ಮಾರ್ಗದರ್ಶಿಗಳನ್ನು ಕಟ್ಟಿಕೊಂಡು ಒಂದು ಶಿಖರದಿಂದ ಇನ್ನೊಂದಕ್ಕೆ ಓಡಾಡುತ್ತ, ಇಲ್ಲೂ ನಮ್ಮವರಿದ್ದಾರೆ, ಅಲ್ಲೂ ಇದ್ದಾರೆ ಎಂದು ಶತ್ರುವಿಗೆ ಭ್ರಮೆ ಹುಟ್ಟಿಸುತ್ತಿದ್ದ. ಆದರೂ ಮೇ ತಿಂಗಳ ಕೊನೆಗೆ, ತಂಗುಮನೆಯ ನೆತ್ತಿಯ ಮೇಲೆಯೇ ಇರುವ ಪಾಟರ್ನ್‌ಕೋಫೆಲ್ ಇಟಲಿಯವರ ಕೈ ಸೇರಿತು. ಅದನ್ನು ಮರಳಿ ಪಡೆಯಬೇಕೆಂಬ ಅಪ್ಪಣೆಯಂತೆ ಜುಲೈ 4ರ ಬೆಳಗಿನ ಜಾವ ಸೆಪ್ ಐವರು ಸಂಗಡಿಗರೊಡನೆ ಕತ್ತಲಲ್ಲೇ ಬಂಡೆ ಹತ್ತಿದ. ತುದಿಯ ಹತ್ತಿರ ಕೈಬಾಂಬುಗಳನ್ನು ಎಸೆದ, ಅಲ್ಲೇ ಸತ್ತ. ಮೇಲಿನಿಂದ ಪಿಯೆತ್ರೊ ದೆ ಲೂಕಾ ಎಂಬ ಇಟಲಿಯ ಸೈನಿಕ ಎತ್ತಿಹಾಕಿದ ಕಲ್ಲಿನಿಂದ ಸತ್ತನೆಂಬುದು ಒಂದು ಕತೆ. ಕೆಳಗಿನಿಂದ ಅವನ ಕಡೆಯವರೇ ಹಾರಿಸುತ್ತಿದ್ದ ಗುಂಡು ತಾಗಿತೆಂಬುದು ಇನ್ನೊಂದು. ಎರಡಕ್ಕೂ ವಾದಿಸುವವರು ಇಂದಿಗೂ ಇದ್ದಾರೆ. ಇಟಲಿಯ ಸೈನಿಕರು ಹೆಣವನ್ನು ಆ ಶಿಖರದ ಮೇಲೆಯೇ ಮಣ್ಣು ಮಾಡಿದರು. 1918ರಲ್ಲಿ ಅದನ್ನು ಸೆಕ್ಸ್ಟೆನ್‌ಗೆ ತರಲಾಯಿತು.

ಮುಂದಿನ ಎರಡು ವರ್ಷ ಮುಂಚೂಣಿ ಹೆಚ್ಚೇನೂ ಕದಲಲಿಲ್ಲ. ಇಟಲಿಯವರು ಚಿಮಾ ಗ್ರಾಂಡೆಯ ಮೇಲಕ್ಕೆ ಸರ್ಚ್‌ಲೈಟ್ ಹೊತ್ತು ಸಾಗಿಸಿ ರಾತ್ರಿ ಎದುರಿನ ಬಂಕರುಗಳ ಮೇಲೆ ಬೆಳಕು ಬಿಟ್ಟರು. ಪಾಟರ್ನ್‌ಕೋಫೆಲ್‌ನ ಹೊಟ್ಟೆಯಲ್ಲಿ ಸುರಂಗ ಕೊರೆದರು. ಆ ಸುರಂಗದೊಳಗೆ ಇಂದು ತಲೆಗೆ ಟಾರ್ಚು ಕಟ್ಟಿಕೊಂಡು ಪ್ರವಾಸಿಗರು ನಡೆಯುತ್ತಾರೆ. ಆ ದಾರಿಗೆ ಇಟ್ಟಿರುವುದು ದೆ ಲೂಕಾ, ಇನ್ನರ್‌ಕೋಫ್ಲರ್ ಇಬ್ಬರ ಹೆಸರನ್ನೂ. 1917ರ ಶರತ್ಕಾಲದಲ್ಲಿ ಕಪೊರೆತ್ತೊ ಸೋಲಿನ ನಂತರ ಇಟಲಿ ಇಲ್ಲಿಂದ ಹಿಂದೆ ಸರಿಯಿತು. ರಕ್ತ ಹರಿಸಿ ಗೆಲ್ಲಲಾಗದ್ದನ್ನು 1919ರ ಸೇಂಟ್ ಜರ್ಮೇನ್ ಒಪ್ಪಂದ ಕಾಗದದ ಮೇಲೆ ಮಾಡಿ ಮುಗಿಸಿತು: ಶಿಖರಗಳ ಉತ್ತರಕ್ಕಿದ್ದ ದಕ್ಷಿಣ ಟಿರೋಲ್ ಇಟಲಿಯ ಪಾಲಾಯಿತು, ಶಿಖರಗಳ ಎರಡೂ ಮಗ್ಗುಲು ಒಂದೇ ದೇಶದೊಳಗೆ ಬಂದವು. ಪೂರ್ತಿ ಸುತ್ತು ಹಾಕಲು ಇನ್ನು ಯಾವ ದೇಶದ ಗಡಿಯನ್ನೂ ದಾಟಬೇಕಿರಲಿಲ್ಲ. ಆದರೂ 1752ರ ಗೆರೆ ಪೂರ್ತಿ ಅಳಿದಿಲ್ಲ. ಪ್ರಾಂತ್ಯಗಳ ಗಡಿ ಇಂದಿಗೂ ಶಿಖರಗಳ ಮೇಲೆಯೇ ಹಾದಿದೆ. ಉತ್ತರದ ಕಣಿವೆಯಲ್ಲಿ ಜರ್ಮನ್ ಮಾತು, ದಕ್ಷಿಣದಲ್ಲಿ ಇಟಾಲಿಯನ್.

ಉತ್ತರದ ಗೋಡೆಗೂ ಕಾಲ ಬಂತು. ಸುಮಾರು 550 ಮೀಟರಿನ ಆ ಬಂಡೆಯನ್ನು 1933ರ ಆಗಸ್ಟ್‌ನಲ್ಲಿ ಎಮಿಲಿಯೊ ಕೊಮಿಚಿ ಮತ್ತು ದಿಮಾಯ್ ಸೋದರರಿಬ್ಬರು ಎರಡು ದಿನದಲ್ಲಿ ಹತ್ತಿದರು. ಇಷ್ಟೊಂದು ಮೊಳೆ ಬಡಿದು ಹತ್ತುವುದೂ ಒಂದು ಹತ್ತುವುದೇ ಎಂದು ಮೂಗು ಮುರಿದವರಿದ್ದರು. 1937ರಲ್ಲಿ ಕೊಮಿಚಿ ಅದೇ ದಾರಿಯಲ್ಲಿ ಒಬ್ಬನೇ, ನಾಲ್ಕು ತಾಸಿಗಿಂತ ಕಡಿಮೆ ಹೊತ್ತಿನಲ್ಲಿ ಹತ್ತಿದ. ಇದಕ್ಕಿಂತ ಖಾರವಾದ ಉತ್ತರ ಬೇಕಿರಲಿಲ್ಲ.

ಇಂದಿನ ಜಂಗುಳಿಗೆ ಮಾತ್ರ ಕಾರಣ ಬಂಡೆ ಹತ್ತುವವರಲ್ಲ, ಮಿಸುರಿನಾ ಸರೋವರದ ಕಡೆಯಿಂದ ಬಂದ ಡಾಂಬರು ರಸ್ತೆ. 1967ರಲ್ಲಿ ಜೀರೊ ದಿತಾಲಿಯಾ ಸೈಕಲ್ ಪಂದ್ಯವನ್ನು ಮೊದಲ ಸಲ ಆ ಏರಿಗೆ ತಂದಾಗ ಹಿಮಮಂಜಿನ ನಡುವೆ ಅಭಿಮಾನಿಗಳು ಸವಾರರನ್ನು ನೂಕಿದರು. ಕೆಲವರು ವಾಹನ ಹಿಡಿದುಕೊಂಡೇ ಮೇಲೆ ಬಂದರು. ಆ ದಿನದ ಫಲಿತಾಂಶವನ್ನೇ ರದ್ದು ಮಾಡಬೇಕಾಯಿತು. ಮರುವರ್ಷ ಎಡ್ಡಿ ಮೆರ್ಕ್ಸ್ ಅಲ್ಲೇ ಹಿಮ ಬೀಳುವಾಗ ಗೆದ್ದು ರಸ್ತೆಯ ಮಾನ ಉಳಿಸಿದ. ಈಗ ಆ ರಸ್ತೆಗೆ ಸುಂಕವಿದೆ, ಕಾರು ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಇದಾವುದೂ ಬೇಡ ಎನ್ನುವವರು ಸೆಕ್ಸ್ಟೆನ್ ಬದಿಯ ಫಿಶ್‌ಲೈನ್ ಕಣಿವೆಯಿಂದ ಸುಮಾರು ಸಾವಿರ ಮೀಟರ್ ಏರಿ, ಮೂರು ತಾಸಿನಲ್ಲಿ, 1935ರಲ್ಲಿ ಮತ್ತೆ ಕಟ್ಟಿದ ಸೆಪ್‌ನ ಆ ತಂಗುಮನೆಗೆ ಬಂದು ಸುತ್ತನ್ನು ಅಲ್ಲಿಂದಲೇ ಶುರುಮಾಡುತ್ತಾರೆ.