ಕುದುರೆ ಏರುವ ಹುಕಿ

ನಮ್ಮ ಕೋಸಗಿ ಎತ್ತಿನ ಸೀಮೆ. ಉಳೋದು, ಹರಗೋದು, ಹೇರು ಎಳೆಯೋದು ಎಲ್ಲಾ ಎತ್ತೇ. ರೈತನ ಮನಿ ಮುಂದೆ ಕುದುರೆ ಕಟ್ಟಿದ್ದು ಬಲು ಕಮ್ಮಿ. ಆದರೂ ನಾವು ಹಾಡೋ ಹಾಡಿನಾಗ ಎತ್ತಿಗಿಂತ ಕುದುರೆಗೇ ಮರ್ಯಾದೆ ಜಾಸ್ತಿ. ಮದುಮಗ ಕುದುರೆ ಏರತಾನ, ವೀರ ಕುದುರೆ ಏರತಾನ, ಮೈಲಾರಲಿಂಗನೂ ಕುದುರೆನೇ ಏರತಾನ. ಎತ್ತು ಅನ್ನ ಕೊಡತೈತಿ. ಕುದುರೆ ಏನು ಕೊಡತೈತಿ?

ಕುದುರೆ ಅಂದರೆ ಯುದ್ಧ ಅಂತ ಶಾಲೆಯಲ್ಲಿ ಹೇಳಿಕೊಟ್ಟರು. ಅದು ಅರ್ಧ ಮಾತು. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ‘ಮಾನಸೋಲ್ಲಾಸ’ ಅನ್ನೋ ಸಂಸ್ಕೃತ ಗ್ರಂಥ ಮಾಡಿದ. ಅದರಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಕುದುರೆ ಸವಾರಿಯನ್ನೂ ಒಂದು ವಿನೋದ ಅಂತ ಸೇರಿಸ್ಯಾನ. ಬಯಲು ಹದ ಮಾಡಿ, ಎರಡು ಕಡೆಯವರು ಕುದುರೆ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆಯೋ ಆಟ ಅದರಾಗ ಐತಿ. ಈಗ ಪೋಲೋ ಅಂತಾರಲ್ಲ, ಅದರ ಅಣ್ಣತಮ್ಮ.

ಇನ್ನು ಕೃಷ್ಣದೇವರಾಯನ ಮಾತು. 1520ರ ಸುಮಾರಿಗೆ ಹಂಪಿಗೆ ಬಂದ ಪೋರ್ಚುಗೀಸರ ಪೇಸ್ ಬರೆದಿಟ್ಟಾನ. ರಾಯ ಬೆಳಗಾಗೋ ಮುಂಚೆ ಎದ್ದು ಎಳ್ಳೆಣ್ಣೆ ಕುಡಿದು, ಮೈಗೂ ಎಣ್ಣೆ ಹಚ್ಚಿಕೊಂಡು, ಕತ್ತಿ ವರಸೆ, ಕುಸ್ತಿ ಮುಗಿಸಿ, ಆಮೇಲೆ ಕುದುರೆ ಹತ್ತಿ ಬಯಲಿನಾಗ ಆ ಕಡೆ ಈ ಕಡೆ ಓಡಿಸತಿದ್ದನಂತೆ, ಬೆಳಕು ಹರಿಯೋ ತನಕ. ಎದುರಿಗೆ ವೈರಿ ಇಲ್ಲ, ನೋಡೋ ಜನ ಇಲ್ಲ. ಅಷ್ಟು ದೊಡ್ಡ ರಾಯನಿಗೂ ದಿನಾ ಒಂದು ಗಳಿಗೆ ಸುಮ್ಮನೆ ಗಾಳಿಗೆ ಎದೆ ಕೊಡಬೇಕು ಅನಿಸತಿತ್ತು. ಹುಕಿ ಅಂದರೆ ಇದೇ.

ಆದರೆ ಆ ಹುಕಿಗೆ ಬೆಲೆ ಭಾಳ. ನಮ್ಮ ಕಡೆಯ ತಟ್ಟು ದಂಡಿಗೆ ಸಾಲದು. ಒಳ್ಳೆ ಕುದುರೆ ಓರ್ಮುಜ್‌ನಿಂದ ಹಡಗಿನ ಮೇಲೆ ಗೋವಾ, ಭಟ್ಕಳಕ್ಕೆ ಇಳಿಯಬೇಕು. ತಾನೇ ಕುದುರೆ ವ್ಯಾಪಾರಿಯಾಗಿದ್ದ ನೂನಿಜ್ ಹೇಳೋ ಲೆಕ್ಕದಾಗ ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳತಿದ್ದ. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಾಗ ಸಮುದ್ರದ ಮೇಲೆ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಜೀವಂತ ಕುದುರೆಯ ರೊಕ್ಕ ಎಣಿಸಿ ಕೊಡತಿದ್ದರಂತೆ! ಆ ರೊಕ್ಕದಾಗ ಹೊಲದ ಕಂದಾಯವೂ ಇತ್ತಲ್ಲ. ನಮ್ಮ ಎರೆಹೊಲದ ಬೆವರು ಎಷ್ಟು ಬಾಲಕ್ಕೆ ಹೋಯಿತೋ. ಈ ಬಾಲದ ಲೆಕ್ಕದ ಮ್ಯಾಲೂ ಒಂದು ಹಾಡು ಕಟ್ಟಬೇಕು ಅಂತ ನನ್ನ ಅಭಿಪ್ರಾಯ.

ಮೇವಿನ ಲೆಕ್ಕ ಬ್ಯಾರೆ. ಕುದುರೆಗೆ ಬೇಯಿಸಿದ ಹುರುಳಿ ಹಾಕಬೇಕು. ಇಂಗ್ಲಿಷಿನವರು ಹುರುಳಿಗೆ ಹೆಸರಿಟ್ಟಿದ್ದೇ ಕುದುರೆ ಕಾಳು ಅಂತ. ಬರ ಬಿದ್ದ ವರ್ಷ ಆ ಕಾಳನ್ನೇ ಮನುಷ್ಯರು ಕುದಿಸಿ ಕುಡೀತಾರ.

ಆದೋನಿ ಕೋಟೆ ವಿಜಯನಗರ, ಬಿಜಾಪುರ, ಮೊಗಲರು, ನಿಜಾಮ ಹಿಂಗೆ ಕೈ ಬದಲಾಯಿಸಿತು. 1786ರಲ್ಲಿ ಟಿಪ್ಪು ಮುತ್ತಿದ. ಎಲ್ಲರೂ ಕುದುರೆ ಮೇಲೆ ಬಂದವರೇ. 1800ರಲ್ಲಿ ಕಂಪನಿಗೆ ಸೇರಿದ ಮೇಲೆ ಮನ್ರೋ ಸಾಹೇಬ ಏಳು ವರ್ಷ ಡೇರೆ ಹಾಕಿಕೊಂಡು, ಕುದುರೆ ಮೇಲೆ ಊರೂರು ತಿರುಗಿ ಹೊಲ ಅಳೆಸಿದ. ಕಡೆಗೆ 1827ರಲ್ಲಿ ನಮ್ಮ ಜಿಲ್ಲೆಯ ಪತ್ತಿಕೊಂಡದಲ್ಲೇ ಕಾಲರಾ ಬಂದು ಸತ್ತ. 1871ಕ್ಕೆ ರೈಲು ರಾಯಚೂರು ಮುಟ್ಟಿತು. ದೂರದ ಸವಾರಿ ಅಲ್ಲಿಗೆ ಮುಗೀತು, ಜಟಕಾ ಗಾಡಿ ಅಷ್ಟು ಉಳೀತು.

ಈಗ ಮೈಸೂರು ಸೀಮೆಯ ಕುಣಿಗಲ್ಲಿನಾಗ ಟಿಪ್ಪು ಕಾಲದಿಂದ ಬಂದ ಕುದುರೆ ಫಾರಂ ಐತಿ, ಬೆಂಗಳೂರಿನಾಗ ರೇಸು ಐತಿ. ಆದರೆ ರೇಸಿಗೆ ಹೋಗೋರು ಏರೋದು ಕುದುರೆ ಅಲ್ಲ, ಚೀಟಿ. ಅದನ್ನ ನಾನು ಸವಾರಿ ಅನ್ನಾಕಿಲ್ಲ.

ಕುದುರೆ ಕೊಳ್ಳಾಕ ಆಗದ ನಮ್ಮ ಜನ ಬ್ಯಾರೆ ದಾರಿ ಹುಡುಕಿದರು. ಮೊಹರಂನಾಗ ರಿವಾಯತ ಹಾಡುವಾಗ, ಹುಸೇನರ ಕುದುರೆ ಸವಾರನಿಲ್ಲದೆ ಒಂದೇ ಡೇರೆಗೆ ತಿರುಗಿ ಬರೋ ಜಾಗದಾಗ ಹೆಣ್ಣುಮಕ್ಕಳು ಸೆರಗು ಕಣ್ಣಿಗೆ ಹಚ್ಚತಾರ. ಅವರ‍್ಯಾರೂ ಕುದುರೆ ಸಾಕಿದವರಲ್ಲ. ಇನ್ನೊಂದು ಕೀಲುಕುದುರೆ. ಬಿದಿರು ಕಟ್ಟಿ, ಬಟ್ಟೆ ಹೊದಿಸಿ, ನಡುವೆ ಮನುಷ್ಯ ನಿಲ್ಲತಾನ. ನಡುವಿನ ಮ್ಯಾಲೆ ಅವನು ಸವಾರ, ಕೆಳಗೆ ಅವನೇ ಕುದುರೆ. ಮೇಲಿನವನು ಲಗಾಮು ಎಳೆದು ಗತ್ತು ಮಾಡಬೇಕು, ಕೆಳಗಿನದು ಅದೇ ಹೊತ್ತಿಗೆ ಬೆದರಿ ಒದೀಬೇಕು. ಹಲಗೆಯ ಪೆಟ್ಟು ಒಂದು ತಪ್ಪಿದರೂ ಎರಡೂ ಬೀಳತಾವ. ಇದಕ್ಕೆ ಹಡಗು ಬೇಡ, ಹುರುಳಿ ಬೇಡ. ಕುಣಿದವನಿಗೆ ಒಂದು ಊಟ, ಒಂದು ಟವಲ್ಲು ಕೊಟ್ಟರೆ ಆಯಿತು.