ಮುಂಟಿನ್‌ಲೂಪಾದ ಜಪಾನೀ ಬಂದಿಗಳು

ತಕಾಶಿ ಮಿಯಿಕೆ ಎಂಬ ಜಪಾನೀ ನಿರ್ದೇಶಕನು 2000ನೆಯ ಇಸವಿಯಲ್ಲಿ ರಚಿಸಿದ ಅಪರಾಧಕಥೆಯ ಚಲಚ್ಚಿತ್ರವೊಂದುಂಟು. ಮನಿಲಾದ ಸೆರೆಮನೆಗೆ ಬಿದ್ದ ಜಪಾನೀಯರ ವೃತ್ತಾಂತವದು. ಹಣವುಳ್ಳವನಿಗೆ ಅಲ್ಲಿ ಯಾವುದೂ ದುರ್ಲಭವಲ್ಲ. ಅದೇನೋ ಕಲ್ಪಿತ ಕಥೆ. ಅದೇ ಸೀಮೆಯ ಕಾರಾಗೃಹದಲ್ಲಿ ಜಪಾನೀಯರಿದ್ದ ನಿಜವಾದ ಚರಿತ್ರೆಯು ಬೇರೆಯಾಗಿದೆ.

ಎರಡನೆಯ ಮಹಾಯುದ್ಧಾನಂತರ ಯುದ್ಧಾಪರಾಧಿಗಳೆಂದು ನಿರ್ಣೀತರಾದ ಜಪಾನೀಯರನ್ನು ಮನಿಲಾದ ದಕ್ಷಿಣಕ್ಕಿರುವ ಮುಂಟಿನ್‌ಲೂಪಾದ ಬಿಲಿಬಿಡ್ ಸೆರೆಮನೆಯಲ್ಲಿಟ್ಟಿದ್ದರು. 1951ರ ಜನವರಿಯಲ್ಲಿ ಅವರಲ್ಲಿ 14 ಮಂದಿ ಗಲ್ಲಿಗೇರಿದರು. ಉಳಿದವರಲ್ಲಿ ಇಬ್ಬರು ಕಟ್ಟಿದ ಗೀತವನ್ನು ವತಾನಬೆ ಹಮಾಕೊ ಎಂಬ ಗಾಯಕಿಯು 1952ರಲ್ಲಿ ಹಾಡಲು, ಜಪಾನಿನ ಜನವೆಲ್ಲ ಮರುಗಿತು. ಆ ವರ್ಷದ ಡಿಸೆಂಬರಿನಲ್ಲಿ ಆಕೆಯು ಸೆರೆಮನೆಗೇ ಹೋಗಿ ಬಂದಿಗಳೆದುರಿಗೆ ಹಾಡಿದಳು.

ಕ್ಷಮಾದಾನದ ಅಧಿಕಾರವಿದ್ದುದು ಫಿಲಿಪ್ಪೀನ್ಸಿನ ಅಧ್ಯಕ್ಷನಾದ ಎಲ್ಪಿಡಿಯೊ ಕಿರಿನೋವಿಗೆ. 1945ರ ಫೆಬ್ರವರಿಯಲ್ಲಿ, ಮನಿಲಾ ನಗರದ ಕಾಳಗದಲ್ಲಿ, ಈತನ ಪತ್ನಿಯೂ ಐವರು ಮಕ್ಕಳಲ್ಲಿ ಮೂವರೂ ಜಪಾನೀ ಸೈನಿಕರಿಂದ ಹತರಾಗಿದ್ದರು. ಅವರಲ್ಲಿ ಕಿರಿಯದು ಎರಡು ವರ್ಷದ ಕೂಸು. ಇಂತಹವನು 1953ರ ಜುಲೈಯಲ್ಲಿ 105 ಮಂದಿ ಜಪಾನೀ ಬಂದಿಗಳಿಗೆ ಕ್ಷಮೆಯಿತ್ತನು. ಮರಣದಂಡನೆಗೆ ಗುರಿಯಾಗಿದ್ದವರು ಮಾತ್ರ ಆಜೀವ ಸೆರೆಗಾಗಿ ಟೋಕಿಯೋದ ಸುಗಾಮೋ ಕಾರಾಗೃಹಕ್ಕೆ ಹೋದರು. ವರ್ಷಾಂತ್ಯದಲ್ಲಿ ಅವರಿಗೂ ಬಿಡುಗಡೆಯಾಯಿತು.

ಇದು ಯುದ್ಧಪರಿಹಾರದ್ರವ್ಯಕ್ಕಾಗಿ ಮಾಡಿದ ವ್ಯವಹಾರವೆಂದು ವಾದಿಸುವುದುಂಟು. ಆ ಸಂಧಾನವು ಆಗ ನಡೆಯುತ್ತಿದ್ದುದು ದಿಟವೇ. ಆದರೂ ಈ ವಾದವು ದುರ್ಬಲವಾದುದು. ತನ್ನ ದ್ವೇಷವು ಮಕ್ಕಳಿಗೂ ಪ್ರಜೆಗಳಿಗೂ ದಾಯವಾಗಿ ಸಲ್ಲಬಾರದೆಂಬುದೇ ಕಿರಿನೋ ಬಹಿರಂಗವಾಗಿ ಕೊಟ್ಟ ಕಾರಣ. ಅದೇ ನವೆಂಬರಿನ ಚುನಾವಣೆಯಲ್ಲಿ ಆತನು ಸೋತನು. ಪರಿಹಾರದ ಒಪ್ಪಂದಕ್ಕೆ ಸಹಿ ಬಿದ್ದುದು 1956ರ ಮೇ ತಿಂಗಳಿನಲ್ಲಿ. ಆ ವೇಳೆಗೆ ಕಿರಿನೋ ಕಾಲವಾಗಿ ಎರಡು ತಿಂಗಳು ಕಳೆದಿದ್ದವು.